ಲೆಕ್ಕದ ಭಾನುವಾರ

ತಿಂಗಳ ಮೊದಲ ಭಾನುವಾರ ನಮ್ಮ ಮನೆಯಲ್ಲಿ ತಿಂಡಿ ಮುಗಿದ ಮೇಲೆ ಯಾರೂ ಎದ್ದು ಹೋಗುವ ಹಾಗಿಲ್ಲ. ತಟ್ಟೆಗಳು ಒಳಗೆ ಹೋಗಿ, ಮೇಜು ಒರೆಸಿ, ಎರಡನೇ ಸುತ್ತಿನ ಕಾಫಿ ಬರುತ್ತಿದ್ದಂತೆ ಲೆಕ್ಕ ಶುರುವಾಗುತ್ತದೆ. ನನ್ನ ಪಿಂಚಣಿ ಎಷ್ಟು ಬಂತು, ಮಗನ ಸಂಬಳದಲ್ಲಿ ಮನೆ ಸಾಲದ ಕಂತಿಗೆ ಎಷ್ಟು ಹೋಯಿತು, ಸೊಸೆ ಶಾಲೆಯ ಫೀಸಿಗೆಂದು ಎಷ್ಟು ಎತ್ತಿಟ್ಟಳು, ಹಾಲಿಗೆಷ್ಟು, ಕರೆಂಟಿಗೆಷ್ಟು, ಮಾತ್ರೆಗೆಷ್ಟು, ಹೂವಿಗೆಷ್ಟು ಎಂದು ಒಂದೊಂದಾಗಿ ಗಟ್ಟಿಯಾಗಿ ಓದುತ್ತೇವೆ. ಹನ್ನೊಂದು ವರ್ಷದ ಮೊಮ್ಮಗಳು ಬರೆದುಕೊಳ್ಳುತ್ತಾಳೆ. ಆರು ವರ್ಷದ ಮೊಮ್ಮಗನಿಗೆ ಬಿಲ್ಲುಗಳನ್ನು ಕ್ಲಿಪ್ಪಿಗೆ ಸಿಕ್ಕಿಸುವ ಕೆಲಸ. ಮಂಗಳೂರಿನಲ್ಲಿರುವ ಮಗಳು ಫೋನಿನಲ್ಲೇ ಸೇರಿಕೊಳ್ಳುತ್ತಾಳೆ. ಅವಳ ಅಡುಗೆಮನೆಯ ಕುಕ್ಕರ್ ಕೂಗುವುದೂ ನಮ್ಮ ಲೆಕ್ಕದ ನಡುವೆ ಕೇಳಿಸುತ್ತದೆ.

ಮಕ್ಕಳ ಎದುರಿಗೆ ದುಡ್ಡಿನ ಮಾತು ಆಡಬಾರದು ಎನ್ನುವವರು ನಮ್ಮ ನೆಂಟರಲ್ಲೇ ಇದ್ದಾರೆ. ಓದುವ ವಯಸ್ಸಿನಲ್ಲಿ ಅವಕ್ಕೆ ಈ ತಲೆಬಿಸಿ ಯಾಕೆ ಎಂದು ಒಬ್ಬರು, ಮನೆಯ ಗುಟ್ಟು ಶಾಲೆಯ ಬಸ್ಸಿನಲ್ಲಿ ಹರಡುತ್ತದೆ ಎಂದು ಇನ್ನೊಬ್ಬರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ನನ್ನದು ಒಂದೇ ಹಟ: ಮನೆಯ ದುಡ್ಡಿನ ಮಾತು ಮನೆಯ ಎಲ್ಲರ ಕಿವಿಗೂ ಬೀಳಬೇಕು. ಹೆಂಡತಿಗೆ, ಸೊಸೆಗೆ, ಮದುವೆಯಾಗಿ ಹೋದ ಮಗಳಿಗೆ, ಮಕ್ಕಳಿಗೆ, ಎಲ್ಲರಿಗೂ. ಈ ಹಟ ಹುಟ್ಟಿದ್ದು ನನ್ನ ನೌಕರಿಯಲ್ಲಿ.

ಅಂಚೆ ಕಚೇರಿಯ ಉಳಿತಾಯ ಕೌಂಟರಿನ ಹಿಂದೆ ನನ್ನ ಆಯುಷ್ಯದ ಬಹುಪಾಲು ಕಳೆಯಿತು. ಬೆಳಗ್ಗೆ ಆರ್‌ಡಿ ಏಜೆಂಟರ ಕಂತೆ ಕಂತೆ ಪಾಸ್‌ಬುಕ್ಕು, ಮಧ್ಯಾಹ್ನ ಪಿಂಚಣಿದಾರರು, ಸಂಜೆ ಶಿಲ್ಕು ಹೊಂದಿಸುವ ಗಡಿಬಿಡಿ. ಇವುಗಳ ನಡುವೆ ತಿಂಗಳಿಗೊಮ್ಮೆಯಾದರೂ ಒಬ್ಬ ಹೆಣ್ಣುಮಗಳು ಬಂದು ಸಾಲಿನ ಕೊನೆಯಲ್ಲಿ ಸುಮ್ಮನೆ ನಿಂತಿರುತ್ತಿದ್ದಳು. ಸರದಿ ಬಂದಾಗ ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದಗಳನ್ನು ಹೊರತೆಗೆಯುತ್ತಿದ್ದಳು. ಕಿಸಾನ್ ವಿಕಾಸ್ ಪತ್ರವೋ, ಎನ್‌ಎಸ್‌ಸಿಯೋ. ಆಗೆಲ್ಲ ಇವು ಕಾಗದದ ಸರ್ಟಿಫಿಕೇಟುಗಳು. ಮಡಿಕೆಯಲ್ಲಿ ಹರಿದು, ಅಂಚಿಗೆ ಹುಳ ಹಿಡಿದು, ಟ್ರಂಕಿನ ನುಸಿಗುಳಿಗೆಯ ವಾಸನೆ ಹೊತ್ತು ಬರುತ್ತಿದ್ದವು. "ಸ್ವಾಮಿ, ನಮ್ಮ ಯಜಮಾನ್ರು ಹೋಗಿ ಮೂರು ತಿಂಗಳಾಯ್ತು. ಸೀರೆ ಜೋಡಿಸುವಾಗ ಇದು ಸಿಕ್ತು. ಇದಕ್ಕೇನಾದ್ರೂ ಬರುತ್ತಾ?" ಎಂದು ಕೇಳುವಾಗ ಅವರ ಬೆರಳು ಆ ಕಾಗದದ ಮೂಲೆಯನ್ನು ಬಿಡದೆ ಸವರುತ್ತಿತ್ತು.

ನಾನು ಮೊದಲು ನೋಡುತ್ತಿದ್ದದ್ದು ನಾಮಿನಿ ಕಾಲಂ. ಅಲ್ಲಿ ಅವರ ಹೆಸರು ಇದ್ದರೆ ನನಗೂ ಜೀವ ಬಂದ ಹಾಗೆ. ಮರಣ ಪ್ರಮಾಣಪತ್ರ, ಗುರುತಿನ ಕಾಗದ, ಇಬ್ಬರು ಸಾಕ್ಷಿಗಳಿದ್ದರೆ ಕೆಲಸ ಮುಂದಕ್ಕೆ ಸಾಗುತ್ತಿತ್ತು. ಕಾಲಂ ಖಾಲಿ ಇದ್ದರೆ ವಾರಸುದಾರರ ಕಾಗದ, ಅಫಿಡವಿಟ್ಟು, ಉಳಿದವರ ಒಪ್ಪಿಗೆ ಎಂದು ಆ ತಾಯಿ ಯಾವ ಯಾವ ಕಚೇರಿಯ ಮೆಟ್ಟಿಲು ಹತ್ತಬೇಕೋ. ಆ ಗಂಡಸರು ಕೆಟ್ಟವರೇನೂ ಆಗಿರಲಿಲ್ಲ. ಹೊಟ್ಟೆ ಬಟ್ಟೆ ಕಟ್ಟಿ, ಹೆಂಡತಿ ಮಕ್ಕಳಿಗೆಂದೇ ಕೂಡಿಟ್ಟವರು. ಅದನ್ನು ಅವರಿಗೆ ಹೇಳುವುದೊಂದೇ ಬಾಕಿ ಉಳಿದಿತ್ತು.

ಈಗ ಕಾಗದದ ಸರ್ಟಿಫಿಕೇಟು ಹೋಗಿ ಎಲ್ಲ ಕಂಪ್ಯೂಟರಿಗೆ ಬಂದಿದೆ. ಹಾಗೆಂದು ಮರೆತ ಹಣ ಕಡಿಮೆಯಾಗಿಲ್ಲ. ಬ್ಯಾಂಕಿನಲ್ಲಿ ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗಿ ಕೂರುತ್ತದೆ. ಅಂಥ ಹಣ ಹುಡುಕಲೆಂದೇ 2023ರಲ್ಲಿ ರಿಸರ್ವ್ ಬ್ಯಾಂಕು ‘ಉದ್ಗಮ್’ ಎಂಬ ಜಾಲತಾಣ ತೆರೆಯಿತು. ಹೆಸರು, ಪ್ಯಾನ್ ಅಥವಾ ಹುಟ್ಟಿದ ದಿನಾಂಕ ಕೊಟ್ಟರೆ ಯಾವ ಬ್ಯಾಂಕಿನಲ್ಲಿ ಇರಬಹುದೆಂದು ತೋರಿಸುತ್ತದೆ. ಹಣ ನಿಧಿಗೆ ಹೋದರೂ ವಾರಸುದಾರರ ಹಕ್ಕು ಹೋಗುವುದಿಲ್ಲ, ಅದೇ ಬ್ಯಾಂಕಿನಲ್ಲಿ ಕೇಳಿ ಪಡೆಯಬಹುದು. ತೀರಿಹೋದ ಅಪ್ಪ ಅಮ್ಮಂದಿರ ಹೆಸರು ಹಾಕಿ ಒಮ್ಮೆ ನೋಡಿ ಎಂದು ವಾಕಿಂಗ್ ಗೆಳೆಯರಿಗೆಲ್ಲ ಹೇಳುತ್ತಿರುತ್ತೇನೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಬರೆಸಬಹುದು. ಯಾರಿಗೆ ಎಷ್ಟು ಪಾಲು ಎಂದೂ ಬರೆಸಬಹುದು, ಒಬ್ಬರ ನಂತರ ಒಬ್ಬರು ಎಂದೂ ಬರೆಸಬಹುದು.

ಇನ್ನು ಮಕ್ಕಳ ಮಾತು. ಮೊಮ್ಮಗಳಿಗೆ ದುಡ್ಡಿನ ಪಾಠವನ್ನು ನಾನು ಮೇಜಿನ ಮೇಲೆ ಶುರು ಮಾಡಲಿಲ್ಲ, ವಾಣಿ ವಿಲಾಸ ಮಾರುಕಟ್ಟೆಯಲ್ಲಿ ಶುರು ಮಾಡಿದೆ. ಅಗ್ರಹಾರದ ಕಡೆಯ ಮೈಸೂರಿನವರಿಗೆ ಆ ಮಾರುಕಟ್ಟೆ ಗೊತ್ತು. ದೇವರಾಜ ಮಾರುಕಟ್ಟೆಯಷ್ಟು ಹೆಸರು ಅದಕ್ಕಿಲ್ಲ, ಪ್ರವಾಸಿಗರ ಕ್ಯಾಮೆರಾಗಳೂ ಇಲ್ಲ; ಮನೆಗೆ ಬೇಕಾದದ್ದೆಲ್ಲ ಇದೆ. ಶನಿವಾರ ಸಂಜೆ ಕೈಚೀಲ ನನ್ನದು, ಪರ್ಸು ಅವಳದು. ಒಳಗೆ ಎಷ್ಟಿದೆ, ಏನೇನು ತರಬೇಕು ಎಂದು ಅಜ್ಜಿ ಹೇಳಿ ಕಳಿಸುತ್ತಾಳೆ. ಆಮೇಲೆ ನಾನು ಬಾಯಿ ಹಾಕುವುದಿಲ್ಲ.

ಮೊದಮೊದಲು ಅವಳು ಮೊದಲು ಕಂಡ ಅಂಗಡಿಯಲ್ಲೇ ಎಲ್ಲ ಮುಗಿಸುತ್ತಿದ್ದಳು. ಈಗ ಒಂದು ಸುತ್ತು ಸುಮ್ಮನೆ ನಡೆದು ಬರುತ್ತಾಳೆ. ಹುರುಳಿಕಾಯಿಯನ್ನು ಮುರಿದು ನೋಡುತ್ತಾಳೆ. ಟಕ್ ಎಂದು ಮುರಿದರೆ ಎಳೆಯದು. ಬೆಂಡೆಕಾಯಿಯ ತುದಿ ಮುರಿಯುವುದನ್ನು ಅಜ್ಜಿ ಕಲಿಸಿದ್ದಾಳೆ. ಮೈಸೂರು ಮಲ್ಲಿಗೆಯನ್ನು ಮಾರು ಹಾಕಿ ಅಳೆಯುವಾಗ ಹೂವಿನವಳ ತೋಳು ಪೂರ್ತಿ ಚಾಚಿತೋ ಇಲ್ಲವೋ ಎಂದು ಕಣ್ಣಿಟ್ಟು ನೋಡುತ್ತಾಳೆ. ಸೊಪ್ಪಿನ ಅಜ್ಜಿಯ ಹತ್ತಿರವಂತೂ ಇವಳದ್ದು ದೊಡ್ಡ ವ್ಯವಹಾರ. ಎರಡು ಕಟ್ಟು ದಂಟು, ಒಂದು ಕಟ್ಟು ಮೆಂತ್ಯ ತೆಗೆದುಕೊಂಡು, ದುಡ್ಡು ಎಣಿಸಿ ಕೊಟ್ಟು, ಚೀಲದ ಬಾಯಿ ತೆರೆದುಕೊಂಡೇ ನಿಲ್ಲುತ್ತಾಳೆ. "ಏನ್ ಕೂಸೆ, ಕೊಸರು ಬೇಕಾ?" ಎಂದು ನಗುತ್ತಾ ಆಕೆ ನಾಲ್ಕು ಎಳೆ ಕೊತ್ತಂಬರಿ, ಒಂದೆರಡು ಹಸಿಮೆಣಸಿನಕಾಯಿ ಹಾಕುತ್ತಾಳೆ. ಅದನ್ನು ಪಡೆದಾಗ ಈ ಹುಡುಗಿಯ ಮುಖದಲ್ಲಿ ಕಾಣುವ ಗೆಲುವನ್ನು ನಾನು ಬೇರೆಲ್ಲೂ ಕಂಡಿಲ್ಲ. ಹತ್ತು ನಿಮಿಷದಲ್ಲಿ ಬಾಗಿಲಿಗೆ ತರಕಾರಿ ತಂದು ಕೊಡುವ ಹುಡುಗರು ನಮ್ಮ ಬೀದಿಗೂ ಬರುತ್ತಾರೆ, ಪಾಪ, ಬಿಸಿಲಲ್ಲಿ ಓಡಾಡುವ ಮಕ್ಕಳು. ಆ ಚೀಲದಲ್ಲಿ ಕೊಸರು ಬರುವುದಿಲ್ಲ, ಸೊಪ್ಪಿನ ಅಜ್ಜಿಯೂ ಬರುವುದಿಲ್ಲ.

ಯುಪಿಐ ಬೇಡ ಎನ್ನುವವನು ನಾನಲ್ಲ. 2016ರಲ್ಲಿ ಶುರುವಾದ ಈ ವ್ಯವಸ್ಥೆ ಇವತ್ತು ಎಳನೀರು ಗಾಡಿಯವರೆಗೂ ಬಂದಿದೆ. ಪುಟ್ಟ ಡಬ್ಬಿಯೊಂದು ಕನ್ನಡದಲ್ಲೇ ಹಣ ಬಂತೆಂದು ಕೂಗುತ್ತದೆ. ಚಿಲ್ಲರೆಗಾಗಿ ಒದ್ದಾಡುವುದು ತಪ್ಪಿತು, ವ್ಯಾಪಾರಿಗೆ ಕಳ್ಳನೋಟಿನ ಭಯ ತಪ್ಪಿತು. ನನ್ನ ಆತಂಕ ಮಕ್ಕಳ ಕಣ್ಣಿನದು. ಫೋನು ತೋರಿಸಿದರೆ ಸಾಮಾನು ಬರುತ್ತದೆ ಎಂದಷ್ಟೇ ಅವು ನೋಡುತ್ತವೆ, ಹೋದದ್ದು ಕಾಣುವುದಿಲ್ಲ. ಪರ್ಸಿನಲ್ಲಿ ಐದು ನೋಟಿದ್ದದ್ದು ಎರಡಾದರೆ ಅದು ಕಾಣುತ್ತದೆ. ಹಾಗಾಗಿ ಸೊಸೆ ಒಂದು ಉಪಾಯ ಮಾಡಿದಳು. ಲೆಕ್ಕದ ದಿನ ತನ್ನ ಫೋನಿನ ತಿಂಗಳ ಪಟ್ಟಿಯನ್ನೂ ತೆಗೆದು ಓದುತ್ತಾಳೆ. ಇಪ್ಪತ್ತು, ಮೂವತ್ತೈದು, ಅರವತ್ತು ಎಂದು ಓದುತ್ತಾ ಹೋದ ಹಾಗೆ ಮೊಮ್ಮಗಳು ಕೂಡಿಸುತ್ತಾಳೆ. ಬೇಕರಿಯ ತಲೆಬರಹದ ಕೆಳಗೆ ಬಂದ ಮೊತ್ತ ಕೇಳಿ ಮಗನೇ ಒಮ್ಮೆ "ಇಷ್ಟೊಂದು ಪಫ್ಸು ಯಾರು ತಿಂದ್ರು?" ಎಂದ. ಮೊಮ್ಮಗ ಕ್ಲಿಪ್ಪಿನಿಂದ ತಲೆಯೆತ್ತದೆ "ನೀವೇ ಅಪ್ಪ" ಎಂದ. ಆ ತಿಂಗಳಿಂದ ಬೇಕರಿಗೆ ಒಂದು ಮಿತಿ ಬಿದ್ದಿದೆ. ಅದನ್ನು ಹಾಕಿದವರು ಮಕ್ಕಳೇ.

2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗಲೂ ಹೀಗೇ. ನಮಗೆ ದಿನಕ್ಕೆ ಒಂದೂವರೆ ಲೀಟರು ಬೇಕು. ದಿನಕ್ಕೆ 6, ತಿಂಗಳಿಗೆ 180, ವರ್ಷಕ್ಕೆ ಎರಡು ಸಾವಿರದ ಮೇಲೆ ಎಂದು ಮೊಮ್ಮಗಳೇ ಹೇಳಿದಳು. ಆ ದುಡ್ಡು ರೈತರಿಗೆ ಹೋಗುತ್ತದೆಯಾ ತಾತ ಎಂದು ಕೇಳಿದಳು. ಏರಿಕೆಯನ್ನು ಹಾಲು ಉತ್ಪಾದಕರಿಗೇ ಕೊಡುತ್ತೇವೆಂದು ಸರ್ಕಾರ ಹೇಳಿದೆ ಎಂದೆ. "ಹಾಗಾದ್ರೆ ಪರವಾಗಿಲ್ಲ, ಬೇಕರಿಯಲ್ಲಿ ಕಡಿಮೆ ಮಾಡೋಣ" ಎಂದಳು. ಬಜೆಟ್ಟು ಮಂಡಿಸುವವರು ಇದಕ್ಕಿಂತ ಹೆಚ್ಚೇನು ಮಾಡುತ್ತಾರೆ?

ನೆರೆಯ ಅಜ್ಜ ಅಜ್ಜಿಯರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಸುಕನ್ಯಾ ಸಮೃದ್ಧಿಯದು. ಮೊಮ್ಮಗಳ ಹೆಸರಿನಲ್ಲಿ ನಾವೇ ಖಾತೆ ತೆರೆಯಬಹುದೇ? ತೆರೆಯುವ ಹಾಗಿಲ್ಲ. ಹತ್ತು ವರ್ಷ ತುಂಬದ ಹುಡುಗಿಯ ಹೆಸರಿನಲ್ಲಿ ತಂದೆ, ತಾಯಿ ಅಥವಾ ಕಾನೂನು ಪ್ರಕಾರದ ಪಾಲಕರು ಮಾತ್ರ ಇದನ್ನು ತೆರೆಯಬೇಕು. ಮೊದಲೆಲ್ಲ ಎಷ್ಟೋ ಕಡೆ ತಾತಂದಿರು ತೆರೆದಿದ್ದರು. ಅಂಥ ಖಾತೆಗಳನ್ನು ತಂದೆ ತಾಯಿಯ ಪಾಲಕತ್ವಕ್ಕೆ ಬದಲಾಯಿಸಬೇಕೆಂದು 2024ರಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೇಳಿತು. ನಿಮ್ಮಲ್ಲಿ ಯಾರದಾದರೂ ಹಾಗೆ ಉಳಿದಿದ್ದರೆ ಅಂಚೆ ಕಚೇರಿಗೆ ಹೋಗಿ ಕೇಳಿ. ದುಡ್ಡು ತಾತನದಿರಬಹುದು, ಅದಕ್ಕೇನೂ ಅಡ್ಡಿಯಿಲ್ಲ. ನಾನು ತಿಂಗಳಿಗೆ ಒಂದು ಸಾವಿರ ಮಗನ ಕೈಗೆ ಕೊಡುತ್ತೇನೆ, ಅವನು ಕಟ್ಟುತ್ತಾನೆ. ವರ್ಷಕ್ಕೆ ಕನಿಷ್ಠ 250, ಗರಿಷ್ಠ ಒಂದೂವರೆ ಲಕ್ಷ. ಹದಿನೈದು ವರ್ಷ ಕಟ್ಟಬೇಕು, ಖಾತೆ ತೆರೆದು ಇಪ್ಪತ್ತೊಂದು ವರ್ಷಕ್ಕೆ ಪಕ್ವವಾಗುತ್ತದೆ. ಈಗಿನ 8.2 ಬಡ್ಡಿಯೇ ಉಳಿದರೆ ತಿಂಗಳಿಗೆ ಸಾವಿರದ ಕಂತು ಕೊನೆಗೆ ಸುಮಾರು ಐದೂವರೆ ಲಕ್ಷ ಆಗುತ್ತದೆ. ಹುಡುಗಿಗೆ ಹದಿನೆಂಟಾದಾಗ ಓದಿಗೆಂದು ಅರ್ಧದವರೆಗೆ ತೆಗೆಯಬಹುದು.

ಇದರ ಜೊತೆಗೆ ಮೊಮ್ಮಗಳದ್ದೇ ಒಂದು ಸಣ್ಣ ಖಾತೆಯೂ ಇದೆ. ಹತ್ತು ವರ್ಷ ದಾಟಿದ ಮಗು ಅಂಚೆ ಕಚೇರಿಯಲ್ಲಿ ತನ್ನ ಹೆಸರಿನಲ್ಲೇ ಉಳಿತಾಯ ಖಾತೆ ತೆರೆದು ತಾನೇ ನಡೆಸಬಹುದು. 500 ರೂಪಾಯಿ ಇದ್ದರೆ ಸಾಕು. ಇದಕ್ಕಾಗಿ ಅವಳು ಸಹಿ ಕಲಿತಳು. ನೋಟ್‌ಬುಕ್ಕಿನ ಹಿಂದಿನ ಹಾಳೆಗಳ ತುಂಬ ಅದೇ ಸಹಿ. ಇಂಗ್ಲಿಷಿನಲ್ಲಿ ಹಾಕಿ ನೋಡಿದಳು, ಉದ್ದ ಬಾಲ ಬಿಟ್ಟು ನೋಡಿದಳು, ಕೊನೆಗೆ ಕನ್ನಡದಲ್ಲೇ ದುಂಡಗೆ ಬರೆದಳು. ಯುಗಾದಿಗೆ ಅತ್ತೆ ಕೊಟ್ಟದ್ದು, ಹುಟ್ಟುಹಬ್ಬಕ್ಕೆ ಬಂದದ್ದು ಅಲ್ಲಿಗೇ ಹೋಗುತ್ತದೆ. ಪಾಸ್‌ಬುಕ್ಕಿನಲ್ಲಿ ಬಡ್ಡಿಯ ಸಾಲು ಅಚ್ಚಾಗಿ ಬಂದ ದಿನ "ನಾನು ಏನೂ ಮಾಡ್ಲಿಲ್ಲ, ಆದ್ರೂ ಕೊಟ್ಟಿದ್ದಾರೆ!" ಎಂದು ಬೀದಿಯೆಲ್ಲ ತೋರಿಸಿ ಬಂದಳು.

ನನ್ನ ಹೆಂಡತಿಯ ಹಣಕಾಸು ಬೇರೆಯೇ ಒಂದು ಖಾತೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಬಸ್ಸು ಬಂತಲ್ಲ, ಅಂದಿನಿಂದ ಅವಳು ತಿಂಗಳಿಗೆ ಎರಡು ಮೂರು ಸಲ ನಂಜನಗೂಡಿಗೆ ಅಕ್ಕನ ಮನೆಗೆ ಹೋಗಿ ಬರುತ್ತಾಳೆ. ಕಂಡಕ್ಟರಿಗೆ ಆಧಾರ್ ತೋರಿಸಿ ಪಡೆದ ಶೂನ್ಯ ಟಿಕೆಟನ್ನು ಮಡಿಸಿ ಪರ್ಸಿಗೆ ಹಾಕಿಕೊಳ್ಳುತ್ತಾಳೆ. ಉಳಿದ ಟಿಕೆಟ್ ದುಡ್ಡನ್ನು ಅವತ್ತೇ ಒಂದು ಸ್ಟೀಲ್ ಡಬ್ಬಿಗೆ ಹಾಕುತ್ತಾಳೆ. ವರ್ಷದ ಕೊನೆಯಲ್ಲಿ ಅದೇ ದುಡ್ಡಿನಲ್ಲಿ ಅಕ್ಕತಂಗಿಯರಿಬ್ಬರೂ ಧರ್ಮಸ್ಥಳಕ್ಕೆ ಹೋಗಿ, ರೂಮು ಮಾಡಿ, ಉಳಿದು ಬಂದರು. ಮದುವೆಯಾದ ಮೇಲೆ ಅವರಿಬ್ಬರೇ ಮಾಡಿದ ಮೊದಲ ಪ್ರವಾಸ ಅದು. ಉಚಿತ ಬಸ್ಸಿನ ಬಗ್ಗೆ ಪೇಪರಿನಲ್ಲಿ ಏನೇನೋ ವಾದ ಬರುತ್ತದೆ. ಎಪ್ಪತ್ತರ ಅಂಚಿನ ಇಬ್ಬರು ಹೆಂಗಸರು ಯಾರ ಕೈಯನ್ನೂ ಕೇಳದೆ ಹೊರಟದ್ದನ್ನು ನಾನು ನೋಡಿದ್ದೇನೆ, ನನಗೆ ಅಷ್ಟು ಸಾಕು.

ಬೀದಿಯ ಹೆಂಗಸರ ಚೀಟಿಯಲ್ಲೂ ಅವಳಿದ್ದಾಳೆ. ಒಬ್ಬರನ್ನೊಬ್ಬರು ಮೂವತ್ತು ವರ್ಷದಿಂದ ಬಲ್ಲವರು, ಸಣ್ಣ ಮೊತ್ತ, ಹೆಸರು ಎತ್ತಿ ಕೊಡುವುದು. ಅದರಲ್ಲಿ ನನಗೆ ಭಯವಿಲ್ಲ. ದೊಡ್ಡ ಚೀಟಿಗೆ ಸೇರುವವರಿಗೆ ಮಾತ್ರ ಒಂದು ಮಾತು ಹೇಳುತ್ತೇನೆ. 1982ರ ಚೀಟಿ ನಿಧಿ ಕಾಯ್ದೆಯ ಪ್ರಕಾರ ನೋಂದಣಿಯಾಗಿದೆಯೇ ಎಂದು ಕೇಳಿ, ಆ ಕಾಗದ ನೋಡಿ. ನಡೆಸುವವರ ಕಮಿಷನ್ ನೂರಕ್ಕೆ 7 ದಾಟುವ ಹಾಗಿಲ್ಲ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ.

ಮನೆಯಲ್ಲಿ ದುಡ್ಡಿನ ಮಾತು ಬಾಯಿಬಿಟ್ಟು ಆಡಿದ್ದರ ನಿಜವಾದ ಬೆಲೆ ಗೊತ್ತಾದದ್ದು ಸೈಟಿನ ವಿಚಾರ ಬಂದಾಗ. ಮಗನಿಗೆ ಊರಾಚೆ ಒಂದು ಸೈಟು ಕೊಳ್ಳುವ ಆಸೆ. ಮುಂಗಡಕ್ಕೆ ಸ್ವಲ್ಪ ಕೊರತೆ. ನನ್ನ ನಿವೃತ್ತಿಯ ಹಣದಲ್ಲಿ 10 ಲಕ್ಷ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿದೆ, 8.2ರ ಬಡ್ಡಿಯಲ್ಲಿ ಮೂರು ತಿಂಗಳಿಗೊಮ್ಮೆ 20,500 ಬರುತ್ತದೆ. ಬೇರೆ ಮನೆಗಳಲ್ಲಾದರೆ ಈ ಮಾತು ರಾತ್ರಿ ಮಹಡಿಯ ಮೇಲೆ ಅಪ್ಪ ಮಗನ ನಡುವೆ ಪಿಸುಮಾತಿನಲ್ಲಿ ನಡೆಯುತ್ತಿತ್ತು. ಹೇಗೆ ಕೇಳಲಿ ಎಂದು ಮಗನಿಗೆ ಮುಜುಗರ, ಹೇಗೆ ಇಲ್ಲವೆನ್ನಲಿ ಎಂದು ಅಪ್ಪನಿಗೆ ಸಂಕಟ. ನಮ್ಮಲ್ಲಿ ಅದು ಹಾಲು, ಕರೆಂಟಿನ ಜೊತೆಗೆ ಮೇಜಿನ ಮೇಲೆ ಬಂತು. ಎರಡು ವರ್ಷ ಕಳೆದ ಮೇಲೆ ಅವಧಿಗೆ ಮುಂಚೆ ಮುರಿಸಿದರೆ ಅಸಲಿನಲ್ಲಿ ನೂರಕ್ಕೆ 1 ಕಡಿತ, ಅಂದರೆ 10,000 ರೂಪಾಯಿ ಹೋಗುತ್ತದೆ ಎಂದು ನಾನು ಹೇಳಿದೆ. ಮೊದಲು ಬಾಯಿ ತೆರೆದವಳು ಸೊಸೆ. "ಮಾವ, ಆ ಬಡ್ಡಿ ನಿಂತರೆ ಅತ್ತೆಯ ಮಾತ್ರೆ ದುಡ್ಡು ಯಾವ ಲೆಕ್ಕದಿಂದ ಬರುತ್ತೆ? ಸೈಟು ಎರಡು ವರ್ಷ ಕಾಯಲಿ" ಎಂದಳು. ಮಗಳೂ ಫೋನಿನಿಂದ ಹೌದೆಂದಳು. ಮಗ ಒಂದು ನಿಮಿಷ ಸುಮ್ಮನಿದ್ದು, "ಆಯ್ತು, ಕಾಯೋಣ" ಎಂದು ಕಾಫಿ ಲೋಟ ಎತ್ತಿಕೊಂಡ. ಮನಸ್ಸು ಯಾರದೂ ಕಹಿಯಾಗಲಿಲ್ಲ.

ನನ್ನ ವಯಸ್ಸಿನವರಿಗೆ ಕೈಮುಗಿದು ಹೇಳುತ್ತೇನೆ: ಅಸಲು ನಿಮ್ಮ ಹೆಸರಿನಲ್ಲೇ ಇರಲಿ, ಬಡ್ಡಿಯಲ್ಲಿ ಕೈಬಿಚ್ಚಿ ಕೊಡಿ. ಎಲ್ಲವನ್ನೂ ಮಕ್ಕಳಿಗೆ ಬರೆದುಕೊಟ್ಟು, ಬಸ್ಸಿನ ದುಡ್ಡಿಗೂ ಕೈಯೊಡ್ಡುವ ಹಿರಿಯರನ್ನು ಕೌಂಟರಿನಲ್ಲಿ ನೋಡಿದ ನೋವು ಇನ್ನೂ ಹೋಗಿಲ್ಲ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು, ಮಕ್ಕಳು ನೋಡಿಕೊಳ್ಳದಿದ್ದರೆ, ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ದಾರಿಯಿದೆ. ಆ ದಾರಿ ಹಿಡಿಯುವ ಸ್ಥಿತಿ ಯಾರಿಗೂ ಬಾರದಿರಲಿ.

ಮೋಸದ ಫೋನುಗಳ ವಿಷಯಕ್ಕೂ ಮನೆಯಲ್ಲಿ ಬಾಯಿಬಿಟ್ಟು ಮಾತಾಡುವುದೇ ಮದ್ದು. ಪೊಲೀಸರೆಂದು ಹೇಳಿಕೊಂಡು ವಿಡಿಯೊ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರು ಮೊದಲು ಹೇಳುವ ಮಾತೇ ಮನೆಯವರಿಗೆ ತಿಳಿಸಬೇಡಿ ಎಂದು. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ನಮ್ಮ ಮೊಮ್ಮಗನಿಗೂ 1930 ಸಂಖ್ಯೆ ಬಾಯಿಪಾಠ. ಹಣ ಹೋದ ತಕ್ಷಣ ಅಲ್ಲಿಗೆ ಕರೆ ಮಾಡಬೇಕು, ಬೇಗ ಮಾಡಿದಷ್ಟೂ ತಡೆಯುವ ಅವಕಾಶ ಹೆಚ್ಚು.

ಕಳೆದ ಲೆಕ್ಕದ ದಿನ ಮೊಮ್ಮಗಳು ಎಲ್ಲ ಖಾತೆಗಳ ನಾಮಿನಿ ಪಟ್ಟಿ ಬರೆದಳು. ನನ್ನದಕ್ಕೆ ಅಜ್ಜಿ, ಅಜ್ಜಿಯದಕ್ಕೆ ಮಗ ಮಗಳು ಇಬ್ಬರೂ ಸಮ. "ನಾಮಿನಿ ಅಂದ್ರೆ ದುಡ್ಡು ಅವರದ್ದೇನಾ?" ಎಂದು ಕೇಳಿದಳು. ಸಾಮಾನ್ಯವಾಗಿ ನಾಮಿನಿ ಹಣ ಪಡೆದು ವಾರಸುದಾರರ ಪರವಾಗಿ ಇಟ್ಟುಕೊಳ್ಳುವವರು, ಯಾರಿಗೆ ಸೇರಬೇಕೆಂಬುದಕ್ಕೆ ಉಯಿಲು ಬೇಕು ಎಂದೆ. ಹಾಗಾಗಿ ಈಗ ಉಯಿಲು ಬರೆಯುತ್ತಿದ್ದೇನೆ. ಮಗಳ ಮದುವೆಗೆ ಖರ್ಚು ಮಾಡಿದ್ದೀಯಲ್ಲ, ಅವಳಿಗೇಕೆ ಸಮಪಾಲು ಎಂದು ಒಬ್ಬ ಹಿರಿಯ ನೆಂಟರು ಕೇಳಿದರು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು, ಇಡೀ ದೇಶಕ್ಕೆ 2005ರಲ್ಲಿ ಬಂತು. ನನ್ನ ಮನೆ ಸ್ವಯಾರ್ಜಿತ, ಯಾರಿಗೆ ಬೇಕಾದರೂ ಬರೆಯಬಹುದು. ಇಬ್ಬರಿಗೂ ಸಮನಾಗಿ ಬರೆಯುತ್ತಿದ್ದೇನೆ, ಮಗ ಸೊಸೆಯರಿಗೆ ಅದನ್ನು ಓದಿಯೂ ತೋರಿಸಿದ್ದೇನೆ.

ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಇಬ್ಬರು ಸಾಕ್ಷಿಗಳು ಮಾತ್ರ ಬೇಕೇ ಬೇಕು, ಆಸ್ತಿಯಲ್ಲಿ ಪಾಲು ಇಲ್ಲದವರಾದರೆ ಲೇಸು. ದುಂಡಗಿನ ಸಹಿ ಕಲಿತಿರುವ ಮೊಮ್ಮಗಳು ತಾನೇ ಸಾಕ್ಷಿ ಹಾಕುತ್ತೇನೆಂದು ಮುಂದೆ ಬಂದಳು. ಹದಿನೆಂಟು ತುಂಬಲಿ ಎಂದು ಸಮಾಧಾನ ಮಾಡಿದ್ದೇವೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಎದುರು ಮನೆಯ ನರ್ಸಮ್ಮ ಒಪ್ಪಿಕೊಂಡಿದ್ದಾರೆ. ಬರುವ ಮೊದಲ ಭಾನುವಾರ ಇಬ್ಬರಿಗೂ ನಮ್ಮಲ್ಲೇ ತಿಂಡಿ. ಅಕ್ಕಿರೊಟ್ಟಿಗೆ ಬೇಕಾದ ಸಬ್ಬಸಿಗೆ ಸೊಪ್ಪನ್ನು ಶನಿವಾರ ತರುವ ಜವಾಬ್ದಾರಿ ಪರ್ಸು ಹಿಡಿದವಳದು.